ಗೂಡಿಗೆ ಕೈ ಹಾಕುವ ಮುನ್ನ: ಬೆಂಗಳೂರಿನ ಹಕ್ಕಿಗಳ ಕಾನೂನು ರಕ್ಷಣೆ ಮತ್ತು ನಿಯಂತ್ರಣಕ್ಕೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ ನೀರಿನ ಟ್ಯಾಂಕರ್ ಮತ್ತು ವಾಹನ ನಿಲುಗಡೆಯ ಮಾತು ಮುಗಿದ ಮೇಲೆ ಹೆಚ್ಚು ಹೊತ್ತು ಚರ್ಚೆಯಾಗುವುದು ಹಕ್ಕಿಗಳ ವಿಷಯ. ಪಾರಿವಾಳಗಳು ಬಾಲ್ಕನಿಯನ್ನು ಗಲೀಜು ಮಾಡುತ್ತವೆ, ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋದವರ ತಲೆಗೆ ಹದ್ದು ಎರಗುತ್ತದೆ, ಡಕ್ಟಿನೊಳಗೆ ಗೂಬೆ ಸೇರಿಕೊಂಡು ರಾತ್ರಿಯಿಡೀ ಬುಸುಗುಟ್ಟುತ್ತದೆ ಎಂಬ ದೂರುಗಳು ಬರುತ್ತವೆ. ಗೂಡು ಕಿತ್ತುಹಾಕಿಸೋಣ ಎಂಬ ತೀರ್ಮಾನ ಐದು ನಿಮಿಷಗಳಲ್ಲಿ ಆಗಿಬಿಡುತ್ತದೆ. ಹಾಗೆ ಕಿತ್ತುಹಾಕಿಸುವುದು ಕಾನೂನಿನ ಕಣ್ಣಿನಲ್ಲಿ ಬೇಟೆ ಎನಿಸಿಕೊಳ್ಳಬಹುದು, ಅದಕ್ಕೆ ಸೆರೆವಾಸದ ಶಿಕ್ಷೆಯೂ ಇದೆ ಎಂಬುದು ಸಭೆಯಲ್ಲಿ ಕುಳಿತ ಬಹುತೇಕರಿಗೆ ತಿಳಿದಿರುವುದಿಲ್ಲ. ನಮ್ಮ ಸಂಘದ ಪರವಾಗಿ ಇಂಥ ಹಲವು ಪ್ರಕರಣಗಳ ಹಿಂದೆ ಓಡಾಡಿದ ಅನುಭವದಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ. ಹಕ್ಕಿಯಿಂದ ತೊಂದರೆಗೊಳಗಾದವರಿಗೂ, ಹಕ್ಕಿಯನ್ನು ಕಾಪಾಡಬೇಕೆಂದಿರುವವರಿಗೂ ಇದು ಸಮನಾಗಿ ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ.

ಮೊದಲ ಹೆಜ್ಜೆ: ಕಾನೂನು ಯಾವುದನ್ನು ಬೇಟೆ ಎನ್ನುತ್ತದೆ ಎಂದು ತಿಳಿಯಿರಿ

ನಮ್ಮಲ್ಲಿ ಹಕ್ಕಿಗಳಿಗೆ ಮುಖ್ಯ ರಕ್ಷಣೆ ಕೊಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ಈ ಕಾಯ್ದೆ ಬಂದ ಹೊಸತರಲ್ಲಿ ಕೆಲವು ಪ್ರಾಣಿಪಕ್ಷಿಗಳನ್ನು ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ವಿಂಗಡಿಸಿ ಪರವಾನಗಿ ಕೊಡುವ ಪದ್ಧತಿ ಇತ್ತು. 1991ರ ತಿದ್ದುಪಡಿ ಅದನ್ನು ಕೊನೆಗೊಳಿಸಿತು. ಆದ್ದರಿಂದ ಬೇಟೆಯಾಡಬಹುದಾದ ಹಕ್ಕಿ, ಆಡಬಾರದ ಹಕ್ಕಿ ಎಂಬ ಹಳೆಯ ಭೇದಕ್ಕೆ ಇಂದು ಇಲ್ಲಿ ಬೆಲೆಯಿಲ್ಲ. ಗೌಜಲಹಕ್ಕಿಗೂ ಸೂರಕ್ಕಿಗೂ ಪರವಾನಗಿ ಪಡೆದು ಗುಂಡು ಹಾರಿಸುವ ದಾರಿ ಮುಚ್ಚಿದೆ.

ಕಾಯ್ದೆಯ 2ನೇ ಸೆಕ್ಷನ್ನಿನ 16ನೇ ಉಪಬಂಧವನ್ನು ಪ್ರತಿಯೊಬ್ಬ ಕಟ್ಟಡ ನಿರ್ವಾಹಕರೂ ಒಮ್ಮೆ ಓದಬೇಕು. ಕೊಲ್ಲುವುದು, ವಿಷವಿಡುವುದು, ಹಿಡಿಯುವುದು, ಉರುಲು ಅಥವಾ ಬೋನು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು, ಗಾಯಗೊಳಿಸುವುದು, ಇವೆಲ್ಲವೂ ಮತ್ತು ಇವುಗಳ ಪ್ರಯತ್ನವೂ ಬೇಟೆಯೇ. ಹಕ್ಕಿಗಳ ಮಟ್ಟಿಗೆ ಇನ್ನೂ ಒಂದು ಮಾತು ಸೇರಿದೆ: ಮೊಟ್ಟೆಗಳಿಗೆ ಹಾನಿ ಮಾಡುವುದು, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಡುವುದು ಸಹ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ಬಂದೂಕು ಹಿಡಿದವನಷ್ಟೇ ಬೇಟೆಗಾರನೆಂದು ನಂಬಿಕೊಂಡಿರುವ ನಮಗೆ, ಪೊರಕೆಯಿಂದ ಗೂಡನ್ನು ಕೆಡವುವವರೂ ಅದೇ ಸಾಲಿಗೆ ಸೇರಬಹುದೆಂಬುದು ಹೊಳೆಯುವುದೇ ಇಲ್ಲ. 9ನೇ ಸೆಕ್ಷನ್ ಪ್ರಕಾರ ಒಂದನೇ ಮತ್ತು ಎರಡನೇ ಅನುಸೂಚಿಯಲ್ಲಿರುವ, ಅಂದರೆ ಕಾಯ್ದೆಗೆ ಲಗತ್ತಿಸಿದ ಜೀವಿಗಳ ಪಟ್ಟಿಗಳಲ್ಲಿರುವ, ಯಾವುದೇ ವನ್ಯಪ್ರಾಣಿಯ ಬೇಟೆ ನಿಷಿದ್ಧ. 51ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನವಿಲಿನಂತೆ ಒಂದನೇ ಅನುಸೂಚಿಯಲ್ಲಿರುವ ಹಕ್ಕಿಯಾದರೆ ಶಿಕ್ಷೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ, ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ.

ಎರಡನೆಯ ಹೆಜ್ಜೆ: ಹಕ್ಕಿ ಯಾವುದೆಂದು ಖಚಿತಪಡಿಸಿಕೊಳ್ಳಿ

ಹದ್ದು ಎಂದು ದೂರು ಬಂದರೆ ಅದು ಕಂದು ಮೈಯ ಸಾಮಾನ್ಯ ಹದ್ದೋ, ಬಿಳಿ ತಲೆಯ ಗರುಡವೋ, ಶಿಕ್ರವೋ ಎಂದು ನೋಡಬೇಕು. ಫೋಟೋ ತೆಗೆದು, ಹಕ್ಕಿ ಗುರುತಿಸುವ ಆ್ಯಪ್ ಅಥವಾ ಬಡಾವಣೆಯ ಹಕ್ಕಿ ವೀಕ್ಷಕರ ನೆರವಿನಿಂದ ಅದರ ವೈಜ್ಞಾನಿಕ ಹೆಸರನ್ನು ಬರೆದಿಟ್ಟುಕೊಳ್ಳಿ. ಅನುಸೂಚಿಯಲ್ಲಿ ಹುಡುಕಬೇಕಾದದ್ದು ಆ ಹೆಸರನ್ನೇ.

ಹುಡುಕುವಾಗ ಪಟ್ಟಿ ಹಳೆಯದಾಗಿರಬಾರದು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳನ್ನೆಲ್ಲ ಹೊಸದಾಗಿ ಜೋಡಿಸಿತು. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಆರು ಅನುಸೂಚಿಗಳ ಪ್ರತಿ ಹಳೆಯದು. ಈಗ ಇರುವುದು ನಾಲ್ಕು. ಮೊದಲೆರಡರಲ್ಲಿ ಪ್ರಾಣಿಪಕ್ಷಿಗಳು, ಮೂರನೆಯದರಲ್ಲಿ ಸಸ್ಯಗಳು, ನಾಲ್ಕನೆಯದರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದಕ್ಕೆ ಒಳಪಟ್ಟ ಜೀವಿಗಳಿವೆ.

ಎರಡು ಹಕ್ಕಿಗಳ ವಿಷಯದಲ್ಲಿ ಹಳೆಯ ತಿಳಿವಳಿಕೆಯೇ ಜನರನ್ನು ದಾರಿ ತಪ್ಪಿಸುತ್ತದೆ. ಮೊದಲನೆಯದು ಕಾಗೆ. ಊರುಕಾಗೆಯನ್ನು ಹಿಂದೆ ಐದನೇ ಅನುಸೂಚಿಯಲ್ಲಿ ಇಲಿ, ಹಣ್ಣುಬಾವಲಿಗಳ ಜೊತೆ ಪೀಡಕ ಪ್ರಾಣಿ ಎಂದು ಪಟ್ಟಿ ಮಾಡಲಾಗಿತ್ತು. ಆ ಅನುಸೂಚಿಯೇ ಈಗ ಇಲ್ಲ. ಪೀಡಕವೆಂದು ಘೋಷಿಸಬೇಕಾದರೆ 62ನೇ ಸೆಕ್ಷನ್ನಿನಡಿ ಕೇಂದ್ರ ಸರ್ಕಾರ ಇಂಥ ಪ್ರದೇಶಕ್ಕೆ, ಇಷ್ಟು ಅವಧಿಗೆ ಎಂದು ಅಧಿಸೂಚನೆ ಹೊರಡಿಸಬೇಕು. ಸಂಘದ ಠರಾವಿಗೆ ಆ ಅಧಿಕಾರವಿಲ್ಲ. ಕಾಗೆಯ ಗೂಡಿನ ಬಗ್ಗೆ ಇನ್ನೂ ಒಂದು ಕಾರಣಕ್ಕೆ ಎಚ್ಚರ ಬೇಕು: ಕೋಗಿಲೆ ಮೊಟ್ಟೆ ಇಡುವುದು ಅಲ್ಲೇ. ಮಾವಿನ ಕಾಲದಲ್ಲಿ ಕಾಗೆಯ ಗೂಡನ್ನು ಕೆಡವಿದವರು ಕೋಗಿಲೆಯ ಮರಿಯನ್ನೂ ಕೊಂದಿರಬಹುದು.

ಎರಡನೆಯದು ಪಾರಿವಾಳ. ತಿದ್ದುಪಡಿಗೆ ಮುಂಚಿನ ನಾಲ್ಕನೇ ಅನುಸೂಚಿಯಲ್ಲಿ ಪಾರಿವಾಳದ ಇಡೀ ಕುಟುಂಬಕ್ಕೆ ರಕ್ಷಣೆ ಕೊಟ್ಟು, ನಮ್ಮ ಕಟ್ಟಡಗಳಲ್ಲಿ ಕಾಣುವ ನೀಲಿ ಪಾರಿವಾಳವನ್ನು ಮಾತ್ರ ಹೊರಗಿಡಲಾಗಿತ್ತು. ಪಾರಿವಾಳಕ್ಕೆ ಏನು ಮಾಡಿದರೂ ನಡೆಯುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆ ಪಟ್ಟಿ ಹಳತಾಯಿತು. ಅದೂ ಅಲ್ಲದೆ, ಅನುಸೂಚಿ ಏನೇ ಹೇಳಲಿ, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960 ಎಲ್ಲ ಪ್ರಾಣಿಪಕ್ಷಿಗಳಿಗೂ ಅನ್ವಯಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ, ಅಂಗಹೀನಗೊಳಿಸುವ ದುಷ್ಕೃತ್ಯಕ್ಕೆ 5 ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಕಾಳಿಗೆ ವಿಷ ಬೆರೆಸಿಡಲು, ಅಂಟು ಬಳಿದ ಹಲಗೆ ಇಡಲು ಯಾರಾದರೂ ಸಲಹೆ ಕೊಟ್ಟರೆ ಅಲ್ಲಿಗೇ ನಿಲ್ಲಿಸಿ. ಅಂಟಿಗೆ ಸಿಕ್ಕುವುದು ಪಾರಿವಾಳವೊಂದೇ ಆಗಿರುವುದಿಲ್ಲ. ಗುಬ್ಬಿ, ಅಳಿಲು, ಅವನ್ನು ಹಿಡಿಯಲು ಬಂದ ಗೂಬೆ ಎಲ್ಲವೂ ಸಿಕ್ಕಿಕೊಳ್ಳುತ್ತವೆ.

ಮೂರನೆಯ ಹೆಜ್ಜೆ: ಗೂಡಿನಲ್ಲಿ ಈಗ ಏನಿದೆ ಎಂದು ನೋಡಿ ದಿನ ಎಣಿಸಿ

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಹೆಜ್ಜೆ ಇದು. ಹಕ್ಕಿಗಳೊಂದಿಗಿನ ತಕರಾರುಗಳಲ್ಲಿ ಹೆಚ್ಚಿನವು ಕೆಲವೇ ವಾರಗಳವು. ಅರ್ಜಿ, ಅನುಮತಿ, ಬಲೆ ಎಲ್ಲಕ್ಕಿಂತ ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಅರ್ಧ ಸಮಸ್ಯೆ ಅದರಷ್ಟಕ್ಕೇ ಬಗೆಹರಿಯುತ್ತದೆ.

ನಮ್ಮ ಪಕ್ಕದ ಮನೆಯ ಬಾಲ್ಕನಿಯ ದೀಪದ ತಂತಿಗೆ ಒಮ್ಮೆ ಸೂರಕ್ಕಿ ಗೂಡು ಕಟ್ಟಿತ್ತು. ಜೇಡರಬಲೆಯಿಂದ ಹೆಣೆದು, ಒಣ ನಾರು, ತೊಗಟೆಯ ಚೂರು, ಹುಳುವಿನ ಹಿಕ್ಕೆಗಳನ್ನು ಅಂಟಿಸಿದ ಅಂಗೈಯಗಲದ ಜೋಲು ಚೀಲ ಅದು. ಬಾಯಿಯ ಮೇಲೆ ಮಳೆ ಬೀಳದಂತೆ ಪುಟ್ಟದೊಂದು ಸೂರು. ದೂರದಿಂದ ನೋಡಿದರೆ ಕಸವೇ. ಬಣ್ಣ ಬಳಿಯಲು ಬಂದವರು ಅದನ್ನು ಕೀಳಲು ಕೈ ಎತ್ತಿದ್ದರು. ಒಳಗಿನಿಂದ ಬಾಗಿದ ಕಪ್ಪು ಕೊಕ್ಕು ಹೊರಗೆ ಚಾಚಿದ್ದರಿಂದ ಕೈ ನಿಂತಿತು. ಸೂರಕ್ಕಿ ಕಾವು ಕೂರುವುದು ಸುಮಾರು 15 ದಿನ, ಮರಿ ಹಾರುವುದು ಆಮೇಲೆ ಹದಿನೇಳು ದಿನಕ್ಕೆ. ಆ ಗೋಡೆಯನ್ನು ಕೊನೆಗೆ ಬಳಿಯೋಣವೆಂದು ಒಪ್ಪಂದವಾಯಿತು. ಐದನೆಯ ವಾರ ಅವರು ಮರಳಿ ಬಂದಾಗ ಚೀಲ ಖಾಲಿಯಾಗಿತ್ತು. ಅದಕ್ಕಾಗಿ ಯಾರೂ ಒಂದು ರೂಪಾಯಿ ಹೆಚ್ಚು ಖರ್ಚು ಮಾಡಬೇಕಾಗಲಿಲ್ಲ.

ಉಳಿದ ಹಕ್ಕಿಗಳ ಲೆಕ್ಕವನ್ನೂ ಸ್ಥೂಲವಾಗಿ ನೆನಪಿಟ್ಟುಕೊಳ್ಳಿ. ಪಾರಿವಾಳದ ಮೊಟ್ಟೆ ಸುಮಾರು 18 ದಿನಕ್ಕೆ ಒಡೆಯುತ್ತದೆ, ಮರಿ ಹಾರಲು ಇನ್ನೊಂದು ತಿಂಗಳು. ಗೊರವಂಕದ ಮರಿಗಳು ಮೊಟ್ಟೆಯೊಡೆದ ಮೂರೂವರೆ ವಾರದೊಳಗೆ ಹೊರಬೀಳುತ್ತವೆ. ಹದ್ದು ಮತ್ತು ಕಣಜಗೂಬೆ ನಿಧಾನದವು. ಎರಡಕ್ಕೂ ಕಾವಿಗೆ ಸುಮಾರು ಒಂದು ತಿಂಗಳು, ಮರಿ ರೆಕ್ಕೆ ಬಲಿಯಲು ಒಂದೂವರೆಯಿಂದ ಎರಡು ತಿಂಗಳು ಬೇಕು.

ನಾಲ್ಕನೆಯ ಹೆಜ್ಜೆ: ಹಕ್ಕಿಯನ್ನು ಮುಟ್ಟದೆ ಕಾರಣವನ್ನು ತೆಗೆಯಿರಿ

ಹಕ್ಕಿ ಬರುವುದು ಆಹಾರಕ್ಕೆ, ನೀರಿಗೆ, ಸಂದಿಗೆ. ಈ ಮೂರನ್ನು ಹಿಡಿತಕ್ಕೆ ತಂದರೆ ಯಾವ ಅನುಮತಿಯೂ ಬೇಡ. ಇದಕ್ಕೆ ನಮ್ಮ ಊರಿನಲ್ಲೇ ಒಳ್ಳೆಯ ಉದಾಹರಣೆಯಿದೆ. ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವಾಗ ವಿಮಾನಗಳಿಗೆ ಹಕ್ಕಿ ಬಡಿಯದಂತೆ ತಡೆಯಲು ಆಡಳಿತ ಕೈಗೊಳ್ಳುವ ಮುಖ್ಯ ಕ್ರಮವೆಂದರೆ ಸುತ್ತಮುತ್ತಲ ಮಾಂಸದ ಅಂಗಡಿಗಳನ್ನು ತಾತ್ಕಾಲಿಕವಾಗಿ ಮುಚ್ಚಿಸುವುದು. 2025ರಲ್ಲಿ 13 ಕಿಲೋಮೀಟರ್ ವ್ಯಾಪ್ತಿಗೆ ಆ ಆದೇಶವಿತ್ತು. 1937ರ ವಿಮಾನ ನಿಯಮಗಳ 91ನೇ ನಿಯಮವೂ ನಿಲ್ದಾಣದ ಸುತ್ತ 10 ಕಿಲೋಮೀಟರ್‌ನಲ್ಲಿ ಹಕ್ಕಿಗಳನ್ನು ಸೆಳೆಯುವ ಕಸ ಸುರಿಯುವುದನ್ನು, ಪ್ರಾಣಿವಧೆ ಮಾಡುವುದನ್ನು ನಿಷೇಧಿಸುತ್ತದೆ. ಯುದ್ಧವಿಮಾನಗಳ ಸುರಕ್ಷತೆಗೇ ಆಹಾರದ ನಿಯಂತ್ರಣ ಮುಖ್ಯ ಮದ್ದಾಗಿರುವಾಗ ನಮ್ಮ ಬಾಲ್ಕನಿಗಳಿಗೂ ಅದೇ ಮದ್ದು ಮೊದಲು ಸಲ್ಲಬೇಕು.

ಅಪಾರ್ಟ್‌ಮೆಂಟಿನಲ್ಲಿ ಇದರ ಅರ್ಥ ಸರಳ. ಕಾಳು ಹಾಕುವುದನ್ನು ನಿಲ್ಲಿಸಿ, ಹಸಿಕಸದ ಡಬ್ಬಿಗಳಿಗೆ ಮುಚ್ಚಳ ಹಾಕಿಸಿ, ಎಸಿ ಯಂತ್ರದ ನೀರು ನಿಲ್ಲದಂತೆ ಪೈಪು ಕೊಡಿಸಿ. ಕಾಳು ಹಾಕುವ ಹಿರಿಯರೊಬ್ಬರು ಪ್ರತಿ ಕಟ್ಟಡದಲ್ಲೂ ಇರುತ್ತಾರೆ, ಅವರಿಗದು ಪುಣ್ಯಕಾರ್ಯ. ಸಭೆಯಲ್ಲಿ ಎಲ್ಲರೆದುರು ಆಕ್ಷೇಪಿಸುವುದಕ್ಕಿಂತ ಮನೆಗೆ ಹೋಗಿ ಮಾತಾಡುವುದು ಲೇಸು. ಒಂದೆಡೆ ರಾಶಿ ಕಾಳು ಸುರಿದರೆ ಪಾರಿವಾಳವೊಂದೇ ಬೆಳೆದು ಗುಬ್ಬಿಗೆ ಜಾಗವಿಲ್ಲದಂತಾಗುತ್ತದೆ ಎಂದು ನಾನು ಹೇಳಿದಾಗ ಒಬ್ಬ ಅಜ್ಜಿ ಕಾಳಿನ ಬದಲು ಹೂಕುಂಡಗಳ ನಡುವೆ ಒಂದು ತಟ್ಟೆ ನೀರಿಡಲು ಒಪ್ಪಿಕೊಂಡರು.

ಬಲೆ ಹಾಕಿಸುವುದಾದರೆ ಮೂರು ವಿಷಯ ಗಮನಿಸಿ. ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ಬಲೆ ಸಾಕು. ಬಲೆಯನ್ನು ನಾಲ್ಕೂ ಅಂಚಿಗೆ ತಂತಿ ಎಳೆದು ಡೋಲಿನ ಚರ್ಮದಂತೆ ಬಿಗಿಯಾಗಿ ಕಟ್ಟಬೇಕು, ಏಕೆಂದರೆ ಸಡಿಲವಾಗಿ ಜೋತ ಬಲೆಯಲ್ಲೇ ಹಕ್ಕಿಗಳು ಸುತ್ತಿಕೊಂಡು ಸಾಯುತ್ತವೆ. ಕಟ್ಟುವ ದಿನ ಬಲೆಯ ಒಳಬದಿಯಲ್ಲಿ ಗೂಡು, ಮರಿ ಉಳಿದಿಲ್ಲವೆಂದು ಎಸಿ ಯಂತ್ರದ ಹಿಂಭಾಗವನ್ನೂ ಟಾರ್ಚು ಬಿಟ್ಟು ನೋಡಿ. ಒಳಗೆ ಮರಿ ಉಳಿದರೆ ತಾಯಿ ಹೊರಗೆ ಬಡಿದುಕೊಳ್ಳುತ್ತದೆ, ಮರಿ ಹಸಿವಿನಿಂದ ಸಾಯುತ್ತದೆ. ಇದು ಕ್ರೌರ್ಯ ತಡೆ ಕಾಯ್ದೆಯ ಪ್ರಕರಣವೂ ಆಗಬಹುದು.

ಐದನೆಯ ಹೆಜ್ಜೆ: ಅನಿವಾರ್ಯವಾದರೆ ಲಿಖಿತ ಅನುಮತಿ ಕೇಳಿ

ಗೂಡು ವಿದ್ಯುತ್ ಫಲಕದೊಳಗಿದೆ, ಬೀಳಲಿರುವ ಕೊಂಬೆಯ ಮೇಲಿದೆ, ಹದ್ದು ಎರಗಿ ಮಕ್ಕಳಿಗೆ ಗಾಯವಾಗಿದೆ ಎಂಬಂಥ ಸಂದರ್ಭಗಳಿರುತ್ತವೆ. ಕಾಯ್ದೆ ಇವಕ್ಕೆ ದಾರಿ ಬಿಟ್ಟಿದೆ. 11ನೇ ಸೆಕ್ಷನ್ ಪ್ರಕಾರ, ಎರಡನೇ ಅನುಸೂಚಿಯ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಥವಾ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದೆ, ಇಲ್ಲವೇ ಚೇತರಿಸಿಕೊಳ್ಳಲಾಗದಷ್ಟು ರೋಗಗ್ರಸ್ತವಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣಗಳನ್ನು ಬರೆದು ಲಿಖಿತ ಆದೇಶ ಕೊಡಬಹುದು. ಒಂದನೇ ಅನುಸೂಚಿಯ ಹಕ್ಕಿಗೆ ಆಸ್ತಿನಷ್ಟದ ಕಾರಣ ಸಾಲದು, ಮನುಷ್ಯರ ಜೀವಕ್ಕೆ ಅಪಾಯವಿರಬೇಕು ಇಲ್ಲವೇ ಹಕ್ಕಿ ಚೇತರಿಸಿಕೊಳ್ಳಲಾಗದ ಸ್ಥಿತಿಯಲ್ಲಿರಬೇಕು. ಸಂಖ್ಯೆ ನಿಯಂತ್ರಣಕ್ಕಾಗಿ ಹಕ್ಕಿಗಳನ್ನು ಕೊಲ್ಲದೆ ಸ್ಥಳಾಂತರಿಸುವ ವೈಜ್ಞಾನಿಕ ನಿರ್ವಹಣೆಗೆ 12ನೇ ಸೆಕ್ಷನ್ ಬೇರೆಯದೇ ಪರವಾನಗಿಯನ್ನು ಹೇಳುತ್ತದೆ.

ಅರ್ಜಿಯನ್ನು ನಿಮ್ಮ ಪ್ರದೇಶದ ವಲಯ ಅರಣ್ಯಾಧಿಕಾರಿಗೆ ಕೊಟ್ಟು, ಪ್ರತಿಯನ್ನು ಮಲ್ಲೇಶ್ವರದ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ ಕಳುಹಿಸಿ. ಹಕ್ಕಿಯ ಹೆಸರು, ಗೂಡಿನ ನಿಖರ ಜಾಗ, ಮೊಟ್ಟೆ ಅಥವಾ ಮರಿಗಳ ಸ್ಥಿತಿ, ದಿನಾಂಕವಿರುವ ಫೋಟೋಗಳು, ಆದ ಗಾಯ ಅಥವಾ ನಷ್ಟ, ನೀವು ಈವರೆಗೆ ಮಾಡಿ ನೋಡಿದ ಉಪಾಯಗಳು, ಮರಿ ಹಾರುವವರೆಗೆ ಏಕೆ ಕಾಯಲಾಗದು ಎಂಬ ವಿವರ ಅದರಲ್ಲಿರಲಿ. ಕೊನೆಯ ಅಂಶವನ್ನು ಬರೆಯಲು ಕೂತಾಗಲೇ ಹಲವು ಸಂಘಗಳಿಗೆ ಕಾಯಬಹುದು ಎಂಬುದು ಅರಿವಾಗುತ್ತದೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿ. ನಮ್ಮ ಮೊದಲ ಅರ್ಜಿ ಒಂದು ಕಚೇರಿಯಲ್ಲಿ ಸಿಗದೇ ಹೋದಾಗ ಕೈಯಲ್ಲಿ ಮುದ್ರೆಯಿರಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಉತ್ತರ ಬಾರದಿದ್ದರೆ ಅರ್ಜಿಯ ಸ್ಥಿತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ; ಅದಕ್ಕೆ 30 ದಿನಗಳ ಗಡುವಿದೆ.

ಮರವನ್ನು ಕಡಿಯುವ ಮಾತಿದ್ದರೆ ಇನ್ನೊಂದು ಕಾನೂನೂ ಬರುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿಯಲ್ಲೇ ಮರದ ಮೇಲೆ ಗೂಡಿರುವುದನ್ನು ನಮೂದಿಸಿ, ಸ್ಥಳ ಪರಿಶೀಲನೆಯಲ್ಲಿ ಅದನ್ನು ದಾಖಲಿಸುವಂತೆ ಕೇಳಿ. ಮರ ಕಡಿಯುವ ಅನುಮತಿ ಗೂಡು ಕೆಡವುವ ಅನುಮತಿಯಾಗುವುದಿಲ್ಲ.

ಆರನೆಯ ಹೆಜ್ಜೆ: ಗಾಯಗೊಂಡ ಹಕ್ಕಿ ಸಿಕ್ಕರೆ

ನಮ್ಮ ನಗರದಲ್ಲಿ ಹಕ್ಕಿಗಳಿಗೆ ದೊಡ್ಡ ಶತ್ರು ಗಾಳಿಪಟದ ಮಾಂಜಾ ದಾರ. ನೈಲಾನ್ ಮತ್ತು ಗಾಜುಪುಡಿ ಬಳಿದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ದೇಶದಾದ್ಯಂತ ನಿಷೇಧಿಸಿದರೂ ಮರಗಳ ತುದಿಯಲ್ಲಿ ಅದು ವರ್ಷಗಟ್ಟಲೆ ಕೊಳೆಯದೆ ನೇತಾಡುತ್ತಿರುತ್ತದೆ. ರೆಕ್ಕೆಗೆ ದಾರ ಸುತ್ತಿಕೊಂಡ ಹದ್ದನ್ನು ಕಂಡರೆ ದಾರವನ್ನು ಎಳೆಯಬೇಡಿ, ಎಳೆದಷ್ಟೂ ಅದು ಸ್ನಾಯುವಿನೊಳಗೆ ಇಳಿಯುತ್ತದೆ. ಎರಡೂ ಬದಿಯಲ್ಲಿ ಗೇಣುದ್ದ ಬಿಟ್ಟು ಕತ್ತರಿಸಿ, ಮೇಲೆ ಹಳೆಯ ಟವೆಲ್ ಹೊದಿಸಿ, ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲೆ ಮಾಡಿ. ಬಾಯಿಗೆ ನೀರು, ಹಾಲು, ಅನ್ನ ಯಾವುದನ್ನೂ ಹಾಕಬೇಡಿ. ನೀರು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸತ್ತುಹೋಗಬಹುದು.

ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಮತ್ತು ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಷನ್ ಸೆಂಟರ್ ಇಂಥ ಹಕ್ಕಿಗಳಿಗೆ ಚಿಕಿತ್ಸೆ ನೀಡುತ್ತವೆ. ಅರಣ್ಯ ಸಹಾಯವಾಣಿ 1926ಕ್ಕೂ ಕರೆ ಮಾಡಬಹುದು. ಕರುಣೆಯಿಂದಲೇ ಆದರೂ ಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 39ನೇ ಸೆಕ್ಷನ್ ಪ್ರಕಾರ ವನ್ಯಪ್ರಾಣಿ ಸರ್ಕಾರದ ಸ್ವತ್ತು; ಅದು ನಿಮ್ಮ ವಶಕ್ಕೆ ಬಂದ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ಪುಕ್ಕ ಬಂದು ಇನ್ನೂ ಸರಿಯಾಗಿ ಹಾರಲಾರದ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದನ್ನು ಎತ್ತಿ ಹತ್ತಿರದ ಪೊದೆಯ ಮೇಲೆ ಕೂರಿಸಿ ದೂರ ನಿಲ್ಲಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ಏಳನೆಯ ಹೆಜ್ಜೆ: ಮಾರಾಟ ಕಂಡರೆ

ಗಿಳಿ, ರಾಟವಾಳ, ಗೊರವಂಕಗಳಂಥ ನಮ್ಮ ನಾಡಿನ ಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಸಾಕುವುದು ಕಾನೂನುಬಾಹಿರ. ಪಂಜರದ ಗಿಳಿ ಇಟ್ಟುಕೊಂಡು ಭವಿಷ್ಯ ಹೇಳುವುದೂ ಇದರೊಳಗೆ ಬರುತ್ತದೆ. ಬಿಡುಗಡೆ ಮಾಡುವ ಒಳ್ಳೆಯ ಮನಸ್ಸಿನಿಂದ ಹಣ ಕೊಟ್ಟು ಕೊಳ್ಳಬೇಡಿ. ನೀವು ಕೊಟ್ಟ ಹಣದಿಂದ ಮಾರನೆಯ ದಿನ ಎರಡು ಪಟ್ಟು ಹಕ್ಕಿಗಳು ಬಲೆಗೆ ಬೀಳುತ್ತವೆ. ಜಾಗ, ಸಮಯ, ಹಕ್ಕಿಗಳ ಅಂದಾಜು ಸಂಖ್ಯೆ, ವಾಹನದ ನಂಬರು ಬರೆದುಕೊಂಡು ಅರಣ್ಯ ಇಲಾಖೆಗೆ ಇಲ್ಲವೇ 112ಕ್ಕೆ ತಿಳಿಸಿ, ಮಾರುವವರೊಂದಿಗೆ ಜಗಳಕ್ಕಿಳಿಯಬೇಡಿ. ಕ್ರಮವಾಗದಿದ್ದರೆ 55ನೇ ಸೆಕ್ಷನ್ ನಾಗರಿಕರಿಗೂ ಒಂದು ಅಸ್ತ್ರ ಕೊಟ್ಟಿದೆ: 60 ದಿನಗಳ ನೋಟಿಸ್ ಕೊಟ್ಟ ನಂತರ ನೀವೇ ನೇರವಾಗಿ ನ್ಯಾಯಾಲಯದಲ್ಲಿ ದೂರು ದಾಖಲಿಸಬಹುದು. ಆಫ್ರಿಕಾದ ಬೂದು ಗಿಳಿಯಂಥ ವಿದೇಶಿ ಹಕ್ಕಿಗಳಿಗೆ ನಾಲ್ಕನೇ ಅನುಸೂಚಿ ಮತ್ತು 2024ರ ನೋಂದಣಿ ನಿಯಮಗಳು ಅನ್ವಯಿಸುತ್ತವೆ. ಅದು ಬೇರೆಯೇ ಪ್ರಕ್ರಿಯೆ.

ಒಂದು ಹದ್ದಿನ ಗೂಡು, ಆರಂಭದಿಂದ ಕೊನೆಯವರೆಗೆ

ಈ ಹೆಜ್ಜೆಗಳು ಒಟ್ಟಾಗಿ ಹೇಗೆ ನಡೆಯುತ್ತವೆ ಎಂಬುದಕ್ಕೆ ನಮ್ಮ ಕಟ್ಟಡದ್ದೇ ಪ್ರಸಂಗ ಹೇಳುತ್ತೇನೆ. ಜನವರಿಯಲ್ಲಿ ಹಿಂಬದಿಯ ಸಿಲ್ವರ್ ಓಕ್ ಮರದ ಕವಲಿನಲ್ಲಿ ಹದ್ದುಗಳು ಗೂಡು ಕಟ್ಟಿದವು. ಕಡ್ಡಿಗಳ ನಡುವೆ ಪ್ಲಾಸ್ಟಿಕ್ ಚೀಲದ ಚೂರು, ಹರಿದ ಬಟ್ಟೆ, ಒಂದು ತುಂಡು ವೈರು ಇತ್ತು. ಫೆಬ್ರವರಿಯಲ್ಲಿ ಮಹಡಿಗೆ ಹೋದ ಇಬ್ಬರ ತಲೆಗೆ ಹಕ್ಕಿ ಎರಗಿತು, ಒಬ್ಬರಿಗೆ ಉಗುರಿನ ಗೀರಾಯಿತು. ಅವರು ಆಸ್ಪತ್ರೆಗೆ ಹೋಗಿ ಗಾಯ ತೊಳೆಸಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡರು. ಸಂಘದವರು ಗೂಡು ತೆಗೆಸಲು ಮರ ಹತ್ತುವವರನ್ನು ಕರೆಸುವುದರಲ್ಲಿದ್ದರು.

ನಾವು ಬೈನಾಕ್ಯುಲರ್ ಹಿಡಿದು ನೋಡಿದಾಗ ಗೂಡಿನ ಅಂಚಿನಲ್ಲಿ ಬಿಳಿ ಹತ್ತಿಯುಂಡೆಯಂಥ ಎರಡು ತಲೆಗಳು ಕಂಡವು. ಅಂದರೆ ಇನ್ನು ಸುಮಾರು ಏಳು ವಾರ. ವಲಯ ಅರಣ್ಯಾಧಿಕಾರಿಗೆ ಮಾಹಿತಿಯ ಪತ್ರ ಕೊಟ್ಟೆವು. ಬಟ್ಟೆ ಒಣಹಾಕುವ ತಂತಿಗಳನ್ನು ಮಹಡಿಯ ಇನ್ನೊಂದು ಬದಿಗೆ ಸರಿಸಿ, ಗೂಡಿನ ಕಡೆಯ ಬಾಗಿಲಿಗೆ ಬೀಗ ಹಾಕಿದೆವು. ಟ್ಯಾಂಕ್ ನೋಡಲು ಹೋಗುವವರಿಗೆ ಬಾಗಿಲ ಪಕ್ಕದಲ್ಲೇ ಎರಡು ಕೊಡೆ ನೇತುಹಾಕಿ, ಬಿಚ್ಚಿ ಹಿಡಿದೇ ಹೋಗಬೇಕೆಂದು ಬರೆದು ಅಂಟಿಸಿದೆವು. ಹದ್ದು ಹೆಚ್ಚಾಗಿ ಬೆನ್ನ ಹಿಂದಿನಿಂದಲೇ ಎರಗುವುದರಿಂದ ಕೊಡೆಯನ್ನು ತುಸು ಹಿಂದಕ್ಕೆ ವಾಲಿಸಿ ಹಿಡಿಯಬೇಕು. ಆಮೇಲೆ ಯಾರಿಗೂ ಗಾಯವಾಗಲಿಲ್ಲ.

ಏಪ್ರಿಲ್ ಎರಡನೆಯ ವಾರ ಮರಿಗಳು ಪಕ್ಕದ ಕಟ್ಟಡದ ಟ್ಯಾಂಕಿನ ಮೇಲೆ ಕುಳಿತಿದ್ದವು. ಹದ್ದುಗಳು ಹಳೆಯ ಗೂಡಿಗೇ ಮರಳುವ ಸಾಧ್ಯತೆ ಇರುವುದರಿಂದಲೂ, ಕಾಯ್ದೆ ಗೂಡು ಎಂದಷ್ಟೇ ಹೇಳಿ ಖಾಲಿ ಗೂಡನ್ನು ಬೇರೆ ಮಾಡದಿರುವುದರಿಂದಲೂ, ಅದನ್ನು ನಾವಾಗಿ ಮುಟ್ಟಲಿಲ್ಲ. ಜೂನ್‌ನಲ್ಲಿ ಒಣಗಿದ ಕೊಂಬೆಗಳನ್ನು ಕಡಿಸಲು ವೃಕ್ಷಾಧಿಕಾರಿಗೆ ಅರ್ಜಿ ಹಾಕಿ, ಗೂಡಿರುವ ಕವಲನ್ನು ಬಿಡಬೇಕೆಂದು ಅದರಲ್ಲೇ ಬರೆದೆವು. ತಂತಿಗಳನ್ನು ಹಳೆಯ ಜಾಗಕ್ಕೆ ತರಲಿಲ್ಲ, ಮುಂದಿನ ಜನವರಿಗೆ ಹೇಗೂ ಮತ್ತೆ ಸರಿಸಬೇಕಾಗುತ್ತಿತ್ತು. ಕೊಡೆಗಳು ಅಲ್ಲೇ ಬಾಗಿಲ ಪಕ್ಕದಲ್ಲಿವೆ.